ಟೇಬಲ್ ಮಾಡುವ ಮುಂಚೆ ಒಂದು ಪೀರಿಯಡ್ ಕೊಡಿ

ನಮ್ಮ ತರಗತಿಯಲ್ಲಿ ಫಾತಿಮಾ ಎಂಬ ಹೆಸರಿನವರು ಮೂವರಿದ್ದೇವೆ. ಲ್ಯಾಬಿನಲ್ಲಿ ಲೈಬ್ರರಿ ಟೇಬಲ್ ಮಾಡುವಾಗ ನಾನು ಹೆಸರನ್ನೇ ಪ್ರೈಮರಿ ಕೀ ಮಾಡಿದ್ದೆ. ಎರಡನೇ ಫಾತಿಮಾಳನ್ನು ಕಂಪ್ಯೂಟರ್ ಸೇರಿಸಿಕೊಳ್ಳಲಿಲ್ಲ. ಎಲ್ಲರೂ ನಕ್ಕರು. ನಾನು ಹೆಸರಿನ ಮುಂದೆ 2 ಹಾಕಿ ಕೆಲಸ ಮುಗಿಸಿದೆ. ಔಟ್‌ಪುಟ್ ಬಂತು, ರೆಕಾರ್ಡಿಗೆ ಸಹಿಯೂ ಬಿತ್ತು.

ನನ್ನ ತಕರಾರು ಇದೇ. ನಾವು ಕ್ವೆರಿ ಬಾಯಿಪಾಠ ಮಾಡುತ್ತೇವೆ, ಟೇಬಲ್ ಸರಿಯಾಗಿದೆಯೇ ಎಂದು ಯಾರೂ ಕೇಳುವುದಿಲ್ಲ.

ಇದು ಬರೀ ಲ್ಯಾಬಿನ ಮಾತಲ್ಲ. ಉರ್ದುವಿನಲ್ಲಿ ಬರೆದರೆ ನಮ್ಮ ಅಬ್ಬಾ ಅವರ ಹೆಸರು ಒಂದೇ. ಇಂಗ್ಲಿಷಿನಲ್ಲಿ ಮೊಹಮ್ಮದ್ ಎಂಬುದಕ್ಕೇ ಮೂರು ನಾಲ್ಕು ಸ್ಪೆಲ್ಲಿಂಗ್. ಒಂದು ಕಾರ್ಡಿನಲ್ಲಿ ಹಾಗೆ, ಇನ್ನೊಂದರಲ್ಲಿ ಹೀಗೆ. ಕಳೆದ ವರ್ಷ ನನ್ನ ಸ್ಕಾಲರ್‌ಶಿಪ್ ಅರ್ಜಿ ಇದಕ್ಕೇ ವಾಪಸ್ ಬಂತು. ಅಬ್ಬಾ ಎರಡು ದಿನ ಕೆಲಸ ಬಿಟ್ಟು ಅಫಿಡವಿಟ್ ಮಾಡಿಸಿದರು. ಹೆಸರನ್ನು ಕೀ ಮಾಡಬಾರದು ಎಂದು ನನಗೆ ಪುಸ್ತಕಕ್ಕಿಂತ ಮೊದಲು ಅರ್ಥವಾಗಿದ್ದು ಅಲ್ಲಿ.

1970ರಲ್ಲಿ ಐಬಿಎಂನ ಇ. ಎಫ್. ಕಾಡ್ ರಿಲೇಷನಲ್ ಮಾದರಿಯ ಬಗ್ಗೆ ಲೇಖನ ಬರೆದರು. ಅದರಿಂದ ಬೆಳೆದ ನಾರ್ಮಲೈಸೇಷನ್ ಹೇಳುವುದು ಸುಲಭ: ಒಂದು ವಿಷಯವನ್ನು ಒಂದೇ ಕಡೆ ಬರೆಯಿರಿ. ನನ್ನ ಟೇಬಲ್‌ನಲ್ಲಿ ಪುಸ್ತಕ ಕೊಟ್ಟಾಗಲೆಲ್ಲ ವಿದ್ಯಾರ್ಥಿಯ ಮೊಬೈಲ್ ನಂಬರನ್ನೂ ಬರೆದಿದ್ದೆ. ಹತ್ತು ಪುಸ್ತಕ ಒಯ್ದವಳು ನಂಬರ್ ಬದಲಿಸಿದರೆ ಹತ್ತು ಕಡೆ ತಿದ್ದಬೇಕು. ಒಂದು ಬಿಟ್ಟುಹೋದರೆ ಒಬ್ಬಳಿಗೇ ಎರಡು ನಂಬರ್. ವಿದ್ಯಾರ್ಥಿ, ಪುಸ್ತಕ, ವಿತರಣೆ ಎಂದು ಮೂರು ಟೇಬಲ್ ಮಾಡಿದರೆ ವಿತರಣೆಯಲ್ಲಿ ರಿಜಿಸ್ಟರ್ ನಂಬರ್, ಅಕ್ಸೆಷನ್ ನಂಬರ್, ತಾರೀಖು ಇದ್ದರೆ ಸಾಕು. ಐಎಸ್‌ಬಿಎನ್ ಬಳಸಬಹುದಲ್ಲ ಎಂದು ಗೆಳತಿ ಕೇಳಿದಳು. ಆಗುವುದಿಲ್ಲ, ಒಂದೇ ಪುಸ್ತಕದ ಐದು ಪ್ರತಿಗಳಿಗೂ ಐಎಸ್‌ಬಿಎನ್ ಒಂದೇ. ಪ್ರತಿಯೊಂದು ಪ್ರತಿಗೂ ಬೇರೆ ನಂಬರ್ ಹಾಕುವ ಲೈಬ್ರರಿಯವರಿಗೆ ಇದು ಕಂಪ್ಯೂಟರ್ ಬರುವ ಮುಂಚೆಯೇ ಗೊತ್ತಿತ್ತು.

ಕಾಮರ್ಸ್‌ನವರಿಗೆ ಇದು ಕಷ್ಟವೂ ಅಲ್ಲ. ಜರ್ನಲ್‌ನಲ್ಲಿ ಎಲ್.ಎಫ್. ಎಂಬ ಕಾಲಂ ಇದೆಯಲ್ಲ, ನಾವೆಲ್ಲ ಖಾಲಿ ಬಿಡುವ ಕಾಲಂ! ಖಾತೆ ಲೆಡ್ಜರಿನ ಯಾವ ಪುಟದಲ್ಲಿದೆ ಎಂದು ಅದು ತೋರಿಸುತ್ತದೆ. ಫಾರಿನ್ ಕೀ ಮಾಡುವುದೂ ಹೆಚ್ಚುಕಡಿಮೆ ಅದೇ ಕೆಲಸ.

ಪೋರ್ಷನ್ ಮುಗಿಯುವುದಿಲ್ಲ ಎಂದು ಮೇಡಂ ಹೇಳಬಹುದು, ಅದೂ ನಿಜ. ಆದರೂ ಎಸ್‌ಕ್ಯೂಎಲ್ ಶುರು ಮಾಡುವ ಮುಂಚೆ ಒಂದೇ ಒಂದು ಪೀರಿಯಡ್ ಕೊಡಿ. ಕಂಪ್ಯೂಟರ್ ಆಫ್ ಇರಲಿ, ಪೆನ್ಸಿಲ್ ಕಾಗದ ಸಾಕು. ಬೇಕಾದರೆ ನನ್ನ ರೆಕಾರ್ಡನ್ನೇ ಉದಾಹರಣೆಗೆ ತೆಗೆದುಕೊಳ್ಳಿ, ‘ಫಾತಿಮಾ2’ ಇನ್ನೂ ಅದರಲ್ಲಿ ಹಾಗೇ ಇದ್ದಾಳೆ.