ತಕ್ಕಡಿ ಸರಿಯಿರಲಿ

ನಾರಾಯಣಗೂಡದ ನಮ್ಮ ಮನೆಗಳಲ್ಲಿ ಮಗನೋ ಮಗಳೋ ಕಾಲೇಜು ಸೇರುತ್ತಲೇ ಕಂಪ್ಯೂಟರಿನ ಮಾತು ಏಳುತ್ತದೆ. ಚೀಟಿಯ ಹಣ ಎತ್ತಿಕೊಂಡು ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗುತ್ತೇವೆ. ಇಂಟೆಲ್ ಮೇಲೋ, ಎಎಂಡಿ ಮೇಲೋ ಎಂದು ಕೇಳಿದರೆ ಒಂದು ಅಂಕಿ ತೋರಿಸುತ್ತಾರೆ. ಅದನ್ನು ವೇದವಾಕ್ಯವೆಂದು ನಂಬುವುದನ್ನು ನಾವು ಇನ್ನಾದರೂ ಬಿಡಬೇಕು.

ನಮಗೇ ಆದ ಅನುಭವ ಇದು. ಅಂಗಡಿಯೊಂದರಲ್ಲಿ ಎರಡು ಕಂಪ್ಯೂಟರುಗಳನ್ನು ಅಕ್ಕಪಕ್ಕ ಇಟ್ಟು, “ನೀವೇ ನೋಡಿ ಸಾರ್” ಎಂದರು. ಒಂದು ಥಟ್ಟನೆ ತೆರೆದುಕೊಂಡಿತು, ಇನ್ನೊಂದು ತೆವಳಿತು. ಹೆಚ್ಚು ಹಣ ತೆತ್ತು ಮೊದಲನೆಯದನ್ನೇ ತಂದೆವು. ಅದರಲ್ಲಿ ಎಸ್‌ಎಸ್‌ಡಿ, ಎರಡನೆಯದರಲ್ಲಿ ಹಳೆಯ ಹಾರ್ಡ್ ಡಿಸ್ಕ್ ಇತ್ತೆಂದು ಆಮೇಲೆ ತಿಳಿಯಿತು. ಓಡಿದ್ದು ಡಿಸ್ಕು, ಬಿರುದು ಪ್ರೊಸೆಸರಿಗೆ!

ಚಿಲ್ಲರೆ ಅಂಗಡಿಯವರನ್ನಷ್ಟೇ ದೂರಿ ಫಲವಿಲ್ಲ. 2018ರ ಅಕ್ಟೋಬರಿನಲ್ಲಿ ಇಂಟೆಲ್ ಕಂಪನಿಯು ಪ್ರಿನ್ಸಿಪಲ್ಡ್ ಟೆಕ್ನಾಲಜೀಸ್ ಎಂಬ ಸಂಸ್ಥೆಯಿಂದ ತನ್ನ ಕೋರ್ ಐ9-9900ಕೆ ಪ್ರೊಸೆಸರನ್ನು ಎಎಂಡಿಯ ರೈಜನ್ 7 2700ಎಕ್ಸ್‌ನೊಡನೆ ಹೋಲಿಸಿ ನೋಡಿಸಿತು. ಎಎಂಡಿಯದನ್ನು ‘ಗೇಮ್ ಮೋಡ್’ನಲ್ಲಿ ಇಟ್ಟಿದ್ದರಿಂದ ಅದರ 8 ಕೋರುಗಳಲ್ಲಿ 4 ಮಲಗಿದ್ದವು. ಇಂಟೆಲಿಗೆ ದೊಡ್ಡ ಕೂಲರ್, ಎಎಂಡಿಗೆ ಡಬ್ಬಿಯೊಳಗೆ ಬಂದದ್ದೇ. ಖಂಡನೆ ಎದ್ದ ಮೇಲೆ ಮರುಪರೀಕ್ಷೆ ನಡೆಯಿತು. ಹಲವು ಆಟಗಳಲ್ಲಿ ಅಂತರ ಇಳಿಯಿತು. ಒಬ್ಬನ ಕಾಲು ಕಟ್ಟಿ ಓಡಿಸುವುದು ಪಂದ್ಯವೇ?

ನಾವು ಯಾರ ವಕೀಲರೂ ಅಲ್ಲ. ಎರಡು ಕಂಪನಿಗಳಿಗೂ ಈ ಊರಿನಲ್ಲಿ ಕಚೇರಿಗಳಿವೆ. ನಮ್ಮ ಮಕ್ಕಳು ಎಲ್ಲಿ ದುಡಿದರೂ ನಮಗೆ ಸಂತೋಷವೇ. ನಾವು ಕೇಳುವುದು ನ್ಯಾಯವಾದ ತೂಕವನ್ನು ಮಾತ್ರ. ರ‍್ಯಾಮು, ಡಿಸ್ಕು, ಗ್ರಾಫಿಕ್ಸ್ ಕಾರ್ಡು, ಕೂಲರು, ವಿಂಡೋಸು ಎರಡರಲ್ಲೂ ಸಮನಾಗಿರಲಿ. ಬೇಸಿಗೆಯ ಸೆಕೆಯಲ್ಲಿ ಒಂದನ್ನು, ಏಸಿ ಕೋಣೆಯಲ್ಲಿ ಇನ್ನೊಂದನ್ನು ಅಳೆಯಬಾರದು, ಏಕೆಂದರೆ ಬಿಸಿಯೇರಿದ ಪ್ರೊಸೆಸರು ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಒಂದೇ ಸಲ ಓಡಿಸಿ ತೀರ್ಪು ಕೊಡದೆ ಮೂರು ಸಲವಾದರೂ ಓಡಿಸಿ ನಡುವಣ ಅಂಕಿಯನ್ನು ಹಿಡಿಯಲಿ. ಬೆಲೆ ಹೋಲಿಸುವಾಗ ಮದರ್‌ಬೋರ್ಡಿನ ಖರ್ಚೂ ಸೇರಲಿ. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಮಕ್ಕಳು ಮಾಡುವ ಕೆಲಸದಲ್ಲೇ ಪರೀಕ್ಷೆಯಾಗಲಿ. ಲೆಕ್ಕಪತ್ರ ಕಲಿಯುವ ಹುಡುಗಿಗೆ ಆಟದ ಅಂಕಿಯಿಂದ ಏನು ಪ್ರಯೋಜನ?

“ಮನೆಯ ಕಂಪ್ಯೂಟರಿಗೆ ಇಷ್ಟೆಲ್ಲ ಯಾಕೆ?” ಎನ್ನುವವರಿದ್ದಾರೆ. ಚಿನ್ನ ಕೊಳ್ಳುವಾಗ ಗುಲಗಂಜಿ ತೂಕಕ್ಕೂ ಜಗಳವಾಡುವ ನಾವು ಇಲ್ಲಿ ಮಾತ್ರ ಕಣ್ಣು ಮುಚ್ಚಿಕೊಳ್ಳುವುದು ಯಾವ ಜಾಣತನ?

ಸಂಘದಲ್ಲಿ ಎಂಜಿನಿಯರುಗಳಿಗೆ ಕೊರತೆಯಿಲ್ಲ. ಕಾಲೇಜು ಆರಂಭವಾಗುವ ಮೊದಲು ಒಂದು ಭಾನುವಾರ ಅವರು ಹೊಸಬರೊಡನೆ ಅಂಗಡಿಗೆ ಬರಲಿ. ಉಳಿದ ಸದಸ್ಯ ಬಾಂಧವರು ಅಂಕಿ ತೋರಿಸಿದವರನ್ನು ಒಂದೇ ಪ್ರಶ್ನೆ ಕೇಳಲಿ: “ಹೇಗೆ ಅಳೆದಿರಿ?” ಉತ್ತರ ಬರದಿದ್ದರೆ ಹಣ ಜೇಬಿನಲ್ಲೇ ಇರಲಿ.