ಒಂಟಿ ಗಾಯಕಿ, ಕಿರು ಆಲ್ಬಂ ಮತ್ತು ಏಳು ವರ್ಷಗಳ ಕರಾರು

ದಕ್ಷಿಣ ಕೊರಿಯಾದ ಗಾಯಕಿ ಚುಂಗ್‌ಹಾ 2025ರ ಫೆಬ್ರವರಿ 12ರಂದು ಹೊರತಂದ ಕಿರು ಆಲ್ಬಂನ ಹೆಸರು ‘ಅಲಿವಿಯೊ’. ಸ್ಪ್ಯಾನಿಷ್ ಭಾಷೆಯಲ್ಲಿ ಈ ಪದಕ್ಕೆ ಉಪಶಮನ, ನಿರಾಳ ಎಂಬ ಅರ್ಥಗಳಿವೆ. ಆದರೆ ಅದರ ಮುಖ್ಯಗೀತೆಯ ಹೆಸರು ‘ಸ್ಟ್ರೆಸ್’. ನಿರಾಳವೆಂಬ ಹೊದಿಕೆಯೊಳಗೆ ಒತ್ತಡವನ್ನಿಟ್ಟು ಮಾರುಕಟ್ಟೆಗೆ ಕಳುಹಿಸಿದ ಈ ಜೋಡಣೆ ಮೇಲ್ನೋಟಕ್ಕೆ ಪ್ರಚಾರದ ಜಾಣ್ಮೆಯಂತೆ ಕಾಣುತ್ತದೆ. ಆಕೆ ಅದಕ್ಕೂ ಮುಂಚಿನ ಒಂಬತ್ತು ವರ್ಷಗಳಲ್ಲಿ ನಡೆದು ಬಂದ ದಾರಿಯನ್ನು ಬಲ್ಲವರಿಗೆ ಅದು ಬರಿಯ ಜಾಣ್ಮೆ ಎನಿಸಲಾರದು.

ಆಲ್ಬಂ ಬಿಡುಗಡೆಯಾಗುವುದಕ್ಕೆ ಮೂರು ದಿನ ಮೊದಲಷ್ಟೇ ಚುಂಗ್‌ಹಾಗೆ 29 ತುಂಬಿತ್ತು. ಹದಿನಾರು ಹದಿನೇಳರ ಹರೆಯದಲ್ಲೇ ವೇದಿಕೆ ಏರುವವರಿಂದ ತುಂಬಿರುವ ಕೊರಿಯಾದ ಜನಪ್ರಿಯ ಸಂಗೀತದಲ್ಲಿ ಇದು ಹಿರಿಯರ ಸಾಲಿಗೆ ಸೇರುವ ವಯಸ್ಸು. ಈ ವಯಸ್ಸಿನಲ್ಲೂ ಆಕೆಯಿಂದ ಮಾರುಕಟ್ಟೆ ನಿರೀಕ್ಷಿಸುವುದು ಮೊದಲ ದಿನದ ಅದೇ ಚೈತನ್ಯವನ್ನು, ಉಸಿರು ಬಿಗಿಹಿಡಿದು ಕುಣಿಯುವ ಅದೇ ಮೂರು ನಿಮಿಷಗಳನ್ನು. ಈ ಉತ್ಸಾಹದ ಖರ್ಚನ್ನು ಭರಿಸುವವರು ಯಾರು, ಅದರಿಂದ ಉಳಿಯುವುದೆಷ್ಟು ಎಂಬ ಪ್ರಶ್ನೆ ಆಕೆಯೊಬ್ಬಳದಷ್ಟೇ ಅಲ್ಲ. ತಂಡದ ಆಸರೆಯಿಲ್ಲದೆ ಹಾಡುವ ಎಲ್ಲ ಕೊರಿಯನ್ ಗಾಯಕ ಗಾಯಕಿಯರದೂ ಹೌದು.

ಕೆ-ಪಾಪ್ ಎಂದೊಡನೆ ಭಾರತದ ಓದುಗರಿಗೆ ನೆನಪಾಗುವುದು ಬಿ.ಟಿ.ಎಸ್., ಬ್ಲ್ಯಾಕ್‌ಪಿಂಕ್, ಟ್ವೈಸ್ ಮೊದಲಾದ ತಂಡಗಳು. ಆ ಉದ್ಯಮದ ಕಟ್ಟಡವೇ ತಂಡಗಳಿಗೆಂದು ಎದ್ದದ್ದು. ಒಂಬತ್ತು ಮಂದಿಯ ತಂಡದಲ್ಲಿ ಮೂರು ನಿಮಿಷದ ಹಾಡು ಹಂಚಿಹೋಗಿ ಒಬ್ಬೊಬ್ಬರ ಪಾಲಿಗೆ ಕೆಲವೇ ಸಾಲುಗಳು ಬರುತ್ತವೆ. ಒಬ್ಬಾಕೆ ಹಾಡುವಾಗ ಉಳಿದವರು ಕುಣಿಯುತ್ತಾರೆ, ಹಿಂದಿನ ಸಾಲಿಗೆ ಸರಿದು ಉಸಿರು ತೆಗೆದುಕೊಳ್ಳುತ್ತಾರೆ. ಒಂಟಿ ಗಾಯಕಿಗೆ ಹಿಂದಿನ ಸಾಲೆಂಬುದಿಲ್ಲ. ಸುತ್ತ ನರ್ತಕರಿದ್ದರೂ ಕ್ಯಾಮೆರಾ ಆಕೆಯನ್ನು ಬಿಟ್ಟು ಕದಲುವುದಿಲ್ಲ.

ಒಂಬತ್ತು ಮುಖ, ಒಂದು ಮುಖ

ಐದರಿಂದ ಏಳು ಹಾಡುಗಳ ‘ಮಿನಿ ಆಲ್ಬಂ’ ಎಂಬ ರೂಪ ಬಲಗೊಂಡದ್ದು ಲೆಕ್ಕಾಚಾರದಿಂದ. 2004ರಲ್ಲಿ ‘ಮೆಲನ್’ನಂಥ ಅಂತರ್ಜಾಲ ಸಂಗೀತ ಸೇವೆ ಆರಂಭವಾದ ಮೇಲೆ ಕೊರಿಯಾದ ಶ್ರೋತೃಗಳು ಇಡೀ ಆಲ್ಬಂ ಕೊಳ್ಳುವುದನ್ನು ಬಿಟ್ಟು ಬೇಕಾದ ಹಾಡನ್ನಷ್ಟೇ ಆರಿಸಿಕೊಳ್ಳತೊಡಗಿದರು. ಹನ್ನೆರಡು ಹಾಡುಗಳಿಗೆ ಹಣ ಸುರಿದರೂ ದೂರದರ್ಶನದಲ್ಲಿ ಮೆರೆಯುವುದು ಒಂದೋ ಎರಡೋ ಹಾಡು ಮಾತ್ರ. ಅಂದಮೇಲೆ ಉಳಿದ ಹತ್ತಕ್ಕೆ ದುಡ್ಡು ಹಾಕುವುದೇಕೆಂಬ ಪ್ರಶ್ನೆ ಎದ್ದಿತು. ವರ್ಷಕ್ಕೊಂದು ದೊಡ್ಡ ಆಲ್ಬಂ ತರುವ ಬದಲು ಎರಡು ಕಿರು ಆಲ್ಬಂ ತಂದರೆ ಕಲಾವಿದೆ ಎರಡು ಬಾರಿ ಸುದ್ದಿಯಲ್ಲಿರುತ್ತಾಳೆ. ಅಲ್ಲಿ ಪ್ರತಿ ಹೊಸ ಬಿಡುಗಡೆಯನ್ನೂ ‘ಕಮ್‌ಬ್ಯಾಕ್’, ಅಂದರೆ ಪುನರಾಗಮನ ಎಂದೇ ಕರೆಯುವುದು ರೂಢಿ. ನಾಲ್ಕು ತಿಂಗಳ ಹಿಂದಷ್ಟೇ ಹಾಡಿದವರೂ ಪುನಃ ಆಗಮಿಸಲೇಬೇಕು! ಮರೆಯಾಗುವ ಭಯ ಆ ಉದ್ಯಮದ ಶಬ್ದಕೋಶದಲ್ಲೇ ಸೇರಿಹೋಗಿದೆ.

ಬಿಡುಗಡೆಯ ನಂತರದ ವಾರಗಳು ವಾಹಿನಿಗಳ ಪಾಲು. ಗುರುವಾರ ಎಂನೆಟ್‌ನ ‘ಎಂ ಕೌಂಟ್‌ಡೌನ್’, ಶುಕ್ರವಾರ ಕೆ.ಬಿ.ಎಸ್.ನ ‘ಮ್ಯೂಸಿಕ್ ಬ್ಯಾಂಕ್’, ಶನಿವಾರ ಎಂ.ಬಿ.ಸಿ.ಯ ‘ಮ್ಯೂಸಿಕ್ ಕೋರ್’, ಭಾನುವಾರ ಎಸ್.ಬಿ.ಎಸ್.ನ ‘ಇಂಕಿಗಾಯೊ’. ನಸುಕಿನಲ್ಲೇ ಮುಂಗಡ ಚಿತ್ರೀಕರಣ ನಡೆಯುವುದುಂಟು. ಉಡುಪು, ಪ್ರಸಾಧನ, ನೃತ್ಯ ಸಂಯೋಜನೆ, ಸಹನರ್ತಕರ ಸಂಭಾವನೆ ಇವೆಲ್ಲ ನಿರ್ವಹಣಾ ಸಂಸ್ಥೆಯ ಖಾತೆಯಿಂದ ಹೊರಡುತ್ತವೆ. ಗಳಿಕೆಯಲ್ಲಿ ಅದನ್ನು ಮುರಿದುಕೊಂಡ ಮೇಲೆ ಉಳಿದದ್ದು ಕಲಾವಿದರಿಗೆ. ಹಾಡೊಂದರ ದೃಶ್ಯರೂಪವನ್ನು ಒಂಬತ್ತು ಮಂದಿಗೆ ಚಿತ್ರಿಸಿದರೂ ಒಬ್ಬಳಿಗೆ ಚಿತ್ರಿಸಿದರೂ ಖರ್ಚಿನಲ್ಲಿ ಒಂಬತ್ತು ಪಟ್ಟು ಅಂತರ ಬೀಳುವುದಿಲ್ಲ.

ಅಂತರ ಕಾಣುವುದು ವರಮಾನದಲ್ಲಿ. ಹಾಡುಗಳು ಅಂತರ್ಜಾಲದಲ್ಲಿ ದೊರೆಯುವ ಈ ಕಾಲದಲ್ಲೂ ಕೊರಿಯಾದಲ್ಲಿ ಸಿ.ಡಿ.ಗಳು ಮಾರಾಟವಾಗುವುದಕ್ಕೆ ಮುಖ್ಯ ಕಾರಣ ಡಬ್ಬಿಯೊಳಗಿನ ಭಾವಚಿತ್ರದ ಕಾರ್ಡು. ಯಾವ ಡಬ್ಬಿಯಲ್ಲಿ ಯಾರ ಚಿತ್ರವಿದೆಯೆಂದು ತೆರೆಯುವವರೆಗೆ ತಿಳಿಯದು. ಒಲವಿನ ಮುಖ ಸಿಗುವವರೆಗೆ ಅಭಿಮಾನಿ ಒಂದರ ಮೇಲೊಂದು ಪ್ರತಿ ಕೊಳ್ಳುತ್ತಾನೆ. ಒಂಬತ್ತು ಮಂದಿಯ ತಂಡಕ್ಕೆ ಸಂಗ್ರಹಿಸಲು ಒಂಬತ್ತು ಮುಖಗಳಿವೆ, ಒಂಟಿ ಗಾಯಕಿಗೆ ಇರುವುದು ಒಂದೇ ಮುಖ. ಹಲವು ಆವೃತ್ತಿಗಳನ್ನು ತರಬಹುದು, ಹಲವು ಭಂಗಿಗಳನ್ನು ಅಚ್ಚು ಹಾಕಬಹುದು. ಆದರೂ ಲಾಟರಿಯ ಆ ಕುತೂಹಲ ಅಲ್ಲಿ ಅಷ್ಟು ಹುಟ್ಟುವುದಿಲ್ಲ.

ಆದರೆ ತಂಡದ ಅಭಿಮಾನಿ ಬಳಗವನ್ನೇ ಬೆನ್ನಿಗಿಟ್ಟುಕೊಂಡು ಒಂಟಿಯಾಗಿ ಬರುವವರ ಕಥೆ ಬೇರೆ. ಟ್ವೈಸ್ ತಂಡದ ನಾಯೊನ್ 2022ರ ಜೂನ್ 24ರಂದು ತನ್ನ ಮೊದಲ ಕಿರು ಆಲ್ಬಂ ‘ಐ ಆ್ಯಮ್ ನಾಯೊನ್’ ತಂದಳು. ಏಳು ಹಾಡುಗಳು, ಅವುಗಳ ಮುಂದಾಳಾಗಿ ‘ಪಾಪ್!’ ಎಂಬ ಪುಟಿಯುವ, ಮಕ್ಕಳೂ ಗುನುಗಬಲ್ಲ ಗೀತೆ. ಅಮೆರಿಕದ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ ಅದು 7ನೆಯ ಸ್ಥಾನದಲ್ಲಿ ಕಾಣಿಸಿಕೊಂಡಿತು. ಆ ಪಟ್ಟಿಯ ಮೊದಲ ಹತ್ತರೊಳಗೆ ಬಂದ ಮೊದಲ ಕೊರಿಯನ್ ಒಂಟಿ ಕಲಾವಿದೆ ಎಂಬ ಹೆಗ್ಗಳಿಕೆ ಆಕೆಗೆ ಸಂದಿತು. ಆ ವಾರದ ಸುಮಾರು 57 ಸಾವಿರ ಘಟಕಗಳಲ್ಲಿ ಬಹುಪಾಲು ಬಂದದ್ದು ಕೇಳ್ಮೆಯಿಂದಲ್ಲ, ಆಲ್ಬಂ ಪ್ರತಿಗಳ ಮಾರಾಟದಿಂದ ಎಂಬುದು ಗಮನಾರ್ಹ. ಬಿಡುಗಡೆಯಾಗಿ 18 ದಿನಗಳಾದ ಮೇಲೆ, ಜುಲೈ 12ರಂದು, ಟ್ವೈಸ್‌ನ ಒಂಬತ್ತೂ ಮಂದಿ ಜೆ.ವೈ.ಪಿ. ಸಂಸ್ಥೆಯೊಡನೆ ಕರಾರು ನವೀಕರಿಸಿದ ಸುದ್ದಿ ಹೊರಬಿತ್ತು. 2015ರ ಅಕ್ಟೋಬರ್‌ನಲ್ಲಿ ಆರಂಭವಾದ ತಂಡಕ್ಕೆ ಏಳು ವರ್ಷ ತುಂಬಲು ಆಗ ಮೂರೇ ತಿಂಗಳು ಬಾಕಿಯಿತ್ತು. ಎರಡು ಸುದ್ದಿಗಳನ್ನು ಒಟ್ಟಿಗಿಟ್ಟು ನೋಡಿದರೆ, ಸದಸ್ಯೆಯರ ಒಂಟಿ ಹೆಜ್ಜೆಗೆ ಅವಕಾಶ ಕೊಡುವುದು ತಂಡವನ್ನು ಒಡೆಯುವ ಬದಲು ಉಳಿಸಿಕೊಳ್ಳುವ ಉಪಾಯವೂ ಆದೀತೆಂಬುದು ಹೊಳೆಯುತ್ತದೆ. 2024ರ ಜೂನ್‌ನಲ್ಲಿ ಬಂದ ಆಕೆಯ ಎರಡನೆಯ ಕಿರು ಆಲ್ಬಂ ‘ನಾ’ ಕೂಡ ಅದೇ ಪಟ್ಟಿಯ ಅದೇ 7ನೆಯ ಸ್ಥಾನಕ್ಕೆ ಬಂದು ನಿಂತಿತು. ನಾಯೊನ್ ಎಡವಿದ್ದರೂ ಆಕೆ ಹಿಂದಿರುಗಲು ಎಂಟು ಮಂದಿಯ ತಂಡವೊಂದು ಕಾದಿತ್ತು.

ಕೇಳುವವರು ಬೇರೆ, ಕೊಳ್ಳುವವರು ಬೇರೆ

ಚುಂಗ್‌ಹಾಗೂ ಒಮ್ಮೆ ತಂಡವಿತ್ತು, ಆದರೆ ಅದು ಹುಟ್ಟುವಾಗಲೇ ಮುಗಿಯುವ ದಿನವನ್ನು ಹೊತ್ತು ಬಂದಿತ್ತು. ಬಾಲ್ಯದ ಹಲವು ವರ್ಷಗಳನ್ನು ಅಮೆರಿಕದ ಟೆಕ್ಸಾಸ್‌ನಲ್ಲಿ ಕಳೆದು ತಾಯ್ನಾಡಿಗೆ ಮರಳಿದ್ದ ಆಕೆ, 2016ರಲ್ಲಿ ಎಂನೆಟ್ ವಾಹಿನಿಯ ‘ಪ್ರೊಡ್ಯೂಸ್ 101’ ಸ್ಪರ್ಧೆಗೆ ಎಂ.ಎನ್.ಎಚ್. ಎಂಬ ಸಣ್ಣ ಸಂಸ್ಥೆಯ ಪರವಾಗಿ ಬಂದಳು. 101 ತರಬೇತಿನಿರತ ಹುಡುಗಿಯರಲ್ಲಿ 11 ಮಂದಿಯನ್ನು ವೀಕ್ಷಕರ ಮತದಿಂದ ಆರಿಸುವ ಸ್ಪರ್ಧೆಯದು. ದೊಡ್ಡ ಸಂಸ್ಥೆಗಳ ಹುಡುಗಿಯರ ನಡುವೆ ಚುಂಗ್‌ಹಾ ಗುರುತು ಪಡೆದದ್ದು ಕುಣಿತದಿಂದ. ‘ಬ್ಯಾಂಗ್ ಬ್ಯಾಂಗ್’ ಹಾಡಿಗೆ ತನ್ನ ತಂಡದ ನೃತ್ಯವನ್ನು ತಾನೇ ಸಂಯೋಜಿಸಿ ಗೆಳತಿಯರಿಗೆ ಕಲಿಸಿದ ಪ್ರಸಂಗ ಆಕೆಯ ಹೆಸರನ್ನು ಮನೆಮಾತಾಗಿಸಿತು. ಕೊನೆಗೆ ದೊರೆತದ್ದು 4ನೆಯ ಸ್ಥಾನ. ಆ ಸ್ಪರ್ಧಾಮಾಲೆಯ ನಾಲ್ಕೂ ಆವೃತ್ತಿಗಳಲ್ಲಿ ಮತಗಳನ್ನು ತಿರುಚಲಾಗಿತ್ತೆಂಬುದು 2019ರ ನಂತರ ಬಯಲಾಗಿ, ನಿರ್ಮಾಪಕನೊಬ್ಬ ಸೆರೆವಾಸಕ್ಕೆ ಗುರಿಯಾದ. ಆಯ್ಕೆಯಾದ ಹುಡುಗಿಯರ ಶ್ರಮದ ಮೇಲೂ ಅದರ ಕರಿನೆರಳು ಬಿದ್ದದ್ದು ಅನ್ಯಾಯವೇ ಸರಿ.

ಐ.ಒ.ಐ. ಎಂಬ ಆ ತಂಡ 2016ರ ಮೇ ತಿಂಗಳಲ್ಲಿ ಆರಂಭವಾಗಿ 2017ರ ಜನವರಿಗೆ ಮುಗಿಯಿತು. ಹಲವು ಸದಸ್ಯೆಯರು ತಮ್ಮ ಸಂಸ್ಥೆಗಳ ಹೊಸ ತಂಡಗಳಿಗೆ ಸೇರಿಕೊಂಡರು. ಚುಂಗ್‌ಹಾ ಸೇರಲು ಎಂ.ಎನ್.ಎಚ್.ನಲ್ಲಿ ತಂಡವೇ ಇರಲಿಲ್ಲ. ಒಂಟಿ ಗಾಯನ ಆಕೆಯ ಪಾಲಿಗೆ ಆಯ್ಕೆ ಎನ್ನುವುದಕ್ಕಿಂತ ಉಳಿದಿದ್ದ ಒಂದೇ ದಾರಿ. 2017ರ ಜೂನ್ 7ರಂದು ಮೊದಲ ಕಿರು ಆಲ್ಬಂ ‘ಹ್ಯಾಂಡ್ಸ್ ಆನ್ ಮಿ’ ಬಂತು. 2018ರ ಜನವರಿಯಲ್ಲಿ ‘ಆಫ್‌ಸೆಟ್’, ಜುಲೈನಲ್ಲಿ ‘ಬ್ಲೂಮಿಂಗ್ ಬ್ಲೂ’, 2019ರ ಜನವರಿ 2ರಂದು ‘ಗಾಟ್ಟಾ ಗೋ’ ಎಂಬ ಗೀತೆ, ಅದೇ ಜೂನ್‌ನಲ್ಲಿ ‘ಫ್ಲರಿಷಿಂಗ್’ ಹೀಗೆ ಆರು ತಿಂಗಳಿಗೊಂದರಂತೆ ಬಿಡುಗಡೆಗಳು ಸಾಲುಗಟ್ಟಿದವು. ‘ರೋಲರ್ ಕೋಸ್ಟರ್’, ‘ಗಾಟ್ಟಾ ಗೋ’ ಗೀತೆಗಳು ಅಂತರ್ಜಾಲ ಪಟ್ಟಿಗಳ ಮೇಲಿನ ಸಾಲಿನಲ್ಲಿ ನಿಂತವು. ಆಕೆಯ ಅಭಿಮಾನಿಗಳಲ್ಲದವರೂ ಅವನ್ನು ಕೇಳಿದರು.

ಮೆಚ್ಚಿಕೊಳ್ಳಬೇಕಾದ ಈ ಸಂಗತಿಯೇ ಆಕೆಯ ದುರ್ಬಲತೆಯೂ ಆಯಿತು. ಕೊರಿಯಾದ ಉದ್ಯಮದಲ್ಲಿ ಕೇಳುವ ಸಾರ್ವಜನಿಕರು ಬೇರೆ, ಕೊಳ್ಳುವ ಅಭಿಮಾನಿ ಬಳಗ ಬೇರೆ. ಕೇಳುವವನು ಹಾಡನ್ನು ಇಷ್ಟಪಟ್ಟು ಮುಂದೆ ಹೋಗುತ್ತಾನೆ, ಪ್ರತಿ ಕೇಳ್ಮೆಗೆ ಕಲಾವಿದೆಗೆ ಸೇರುವುದು ಪುಡಿಗಾಸು. ಕೊಳ್ಳುವವನು ಹತ್ತು ಪ್ರತಿ ಕೊಂಡು, ಸಂಗೀತ ಕಛೇರಿಯ ಟಿಕೆಟಿಗೂ ಹಣ ತೆಗೆದಿಡುತ್ತಾನೆ. ಸಂಸ್ಥೆಗಳು ಮೊದಲ ವಾರದ ಮಾರಾಟವನ್ನು ಎಣಿಸುವುದು ಈ ಎರಡನೆಯವನನ್ನು ನೆಚ್ಚಿಕೊಂಡು. ಬೀದಿಯಲ್ಲಿ ಎಲ್ಲರೂ ಗುನುಗುವ ಗಾಯಕಿಗಿಂತ, ಅಪರಿಚಿತ ತಂಡವೊಂದರ ಲೆಕ್ಕಪತ್ರವೇ ಹೆಚ್ಚು ಗಟ್ಟಿಯಾಗಿರುವ ವಿಚಿತ್ರ ಇಲ್ಲಿ ಸಾಧ್ಯವಾಗಿದೆ.

ಎಂ.ಎನ್.ಎಚ್. 2019ರಲ್ಲಿ ‘ಬಂಡಿಟ್’ ಎಂಬ ಹುಡುಗಿಯರ ತಂಡವನ್ನು ಕಟ್ಟಿತು, ಅದು 2022ರ ನವೆಂಬರ್‌ನಲ್ಲಿ ವಿಸರ್ಜನೆಗೊಂಡಿತು. ಸಣ್ಣ ಸಂಸ್ಥೆಯಲ್ಲಿ ದುಡಿಯುವ ಹೆಸರು ಒಂದೇ ಇದ್ದಾಗ ಉಳಿದೆಲ್ಲದರ ಭಾರ ಎಲ್ಲಿಗೆ ಸರಿಯುತ್ತದೆಂದು ವಿವರಿಸಬೇಕಿಲ್ಲ. ಇದರ ನಡುವೆ ಚುಂಗ್‌ಹಾಳ ಮೊದಲ ಪೂರ್ಣ ಆಲ್ಬಂ ‘ಕೆರೆನ್ಸಿಯಾ’ ಸಿದ್ಧವಾಗುತ್ತಿತ್ತು. 2020ರ ಡಿಸೆಂಬರ್‌ನಲ್ಲಿ ಆಕೆಗೆ ಕೋವಿಡ್ ಸೋಂಕು ತಗುಲಿ, ಜನವರಿಯಲ್ಲಿ ಬರಬೇಕಿದ್ದ ಆಲ್ಬಂ 2021ರ ಫೆಬ್ರವರಿ 15ಕ್ಕೆ ಮುಂದೂಡಲ್ಪಟ್ಟಿತು. ನಾಲ್ಕು ಭಾಗಗಳು, 21 ಹಾಡುಗಳು. ಎಲ್ಲರೂ ಐದಾರು ಹಾಡುಗಳಿಗೆ ಇಳಿದಿದ್ದ ಕಾಲದಲ್ಲಿ ಇದು ದಿಟ್ಟ ನಿರ್ಧಾರ. ಸಂಗೀತದ ದೃಷ್ಟಿಯಿಂದ ಆಕೆಯ ಅತ್ಯುತ್ತಮ ಕೃತಿಯೂ ಅದೇ, ಲೆಕ್ಕದ ದೃಷ್ಟಿಯಿಂದ ಅತ್ಯಂತ ದುಂದಿನ ಕೃತಿಯೂ ಅದೇ. ಅದರಲ್ಲಿದ್ದ ಮೂರು ಕಿರು ಆಲ್ಬಂಗಳ ಸರಕು ಒಂದೇ ಬಾರಿಗೆ ಖರ್ಚಾಗಿಹೋಯಿತು.

ಬಾರದ ಎರಡನೆಯ ಭಾಗ

ಕೊರಿಯಾದ ಕಲಾವಿದರ ಬದುಕನ್ನು ಅಳೆಯುವ ಏಳು ವರ್ಷಗಳ ಮಾಪನಕ್ಕೆ ಕಾನೂನಿನ ಹಿನ್ನೆಲೆಯಿದೆ. 2009ರಲ್ಲಿ ಅಲ್ಲಿನ ನ್ಯಾಯಸಮ್ಮತ ವ್ಯಾಪಾರ ಆಯೋಗ ಮಾದರಿ ಕರಾರುಪತ್ರವನ್ನು ಹೊರಡಿಸಿ ಏಳು ವರ್ಷದ ಮಿತಿಯನ್ನು ಸೂಚಿಸಿತು. ಅದೇ ವರ್ಷ ಟಿ.ವಿ.ಎಕ್ಸ್.ಕ್ಯು. ತಂಡದ ಮೂವರು ತಮ್ಮ 13 ವರ್ಷಗಳ ಕರಾರನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದ್ದರು. ಮಿತಿ ಬಂದದ್ದು ಕಲಾವಿದರ ರಕ್ಷಣೆಗೆ, ಸಂಶಯವಿಲ್ಲ. ಆದರೆ ಏಳನೆಯ ವರ್ಷ ಬರುವಾಗ ಮಾರಾಟದ ಅಂಕಿ ದೊಡ್ಡದಿದ್ದವರು ಮಾತುಕತೆಯ ಮೇಜಿಗೆ ತಲೆಯೆತ್ತಿ ಹೋಗುತ್ತಾರೆ, ಇಲ್ಲದವರು ಹೊರಗೆ ನಿಲ್ಲುತ್ತಾರೆ.

ಅಂಥ ಹೊತ್ತಿನಲ್ಲೇ, 2022ರ ಜುಲೈನಲ್ಲಿ, ಚುಂಗ್‌ಹಾಳ ‘ಬೇರ್ ಆ್ಯಂಡ್ ರೇರ್’ ಆಲ್ಬಂನ ಮೊದಲ ಭಾಗ ಬಂತು. ಮುಖ್ಯಗೀತೆ ‘ಸ್ಪಾರ್ಕ್ಲಿಂಗ್’ ಬೇಸಿಗೆಗೆ ಹೇಳಿ ಮಾಡಿಸಿದಂಥ, ಒಂದು ಕ್ಷಣವೂ ನಿಲ್ಲದ ಕುಣಿತ. ಆ ಗೀತೆಯಷ್ಟು ಹುರುಪನ್ನು ಆಕೆ ಅದಕ್ಕೂ ಮುನ್ನ ಅಪರೂಪವಾಗಿ ತೋರಿದ್ದಳು. 2023ರ ಏಪ್ರಿಲ್‌ನಲ್ಲಿ ಎಂ.ಎನ್.ಎಚ್.ನೊಡನೆ ಕರಾರು ಮುಗಿಯಿತು.

ಹೊಸ ಮನೆ ದೊರೆತದ್ದು ಆರು ತಿಂಗಳ ಬಳಿಕ, ಅಕ್ಟೋಬರ್‌ನಲ್ಲಿ. ‘ಮೋರ್ ವಿಷನ್’ ಸಂಸ್ಥೆಯನ್ನು 2022ರಲ್ಲಿ ಕಟ್ಟಿದ ಜೇ ಪಾರ್ಕ್ ಸ್ವತಃ 2ಪಿ.ಎಂ. ತಂಡದಿಂದ ಹೊರಬಿದ್ದು ಒಂಟಿಯಾಗಿ ಬೆಳೆದ ಗಾಯಕ. 2024ರ ಮಾರ್ಚ್ 11ರಂದು ‘ಈನೀ ಮೀನೀ’ ಗೀತೆಯೊಡನೆ ಚುಂಗ್‌ಹಾ ಮತ್ತೆ ವೇದಿಕೆಗೆ ಬಂದಳು. ಅದೇ ವರ್ಷ ಕೆ.ಬಿ.ಎಸ್. ರೇಡಿಯೊದ ಸಂಜೆಯ ಕಾರ್ಯಕ್ರಮ ‘ವಾಲ್ಯೂಮ್ ಅಪ್’ನ ನಿರೂಪಣೆಯನ್ನೂ ಕೈಗೆತ್ತಿಕೊಂಡಳು. ಕುಣಿಯುವ ದೇಹಕ್ಕೆ ವಯಸ್ಸಿನ ಮಿತಿಯಿದೆ. ಕೇಳಿಸುವ ದನಿಗೆ ಅಷ್ಟಿಲ್ಲ ಎಂಬ ಅರಿವು ಆ ಆಯ್ಕೆಯ ಹಿಂದೆ ಇದ್ದಿರಲೂಬಹುದು.

‘ಅಲಿವಿಯೊ’ ಬಿಡುಗಡೆಯಾದ ವಾರವೇ ಇನ್ನೊಂದು ಒಂಟಿ ಕಿರು ಆಲ್ಬಂ ಕೊರಿಯಾದಿಂದ ಹೊರಬಿತ್ತು. ಬ್ಲ್ಯಾಕ್‌ಪಿಂಕ್‌ನ ಜಿಸೂ ಫೆಬ್ರವರಿ 14ರಂದು ನಾಲ್ಕು ಹಾಡುಗಳ ‘ಅಮೋರ್ಟಾಜ್’ ತಂದಳು. ಹಿಂದಿನ ವರ್ಷ ತಾನೇ ಸ್ಥಾಪಿಸಿದ ‘ಬ್ಲಿಸೂ’ ಸಂಸ್ಥೆಯ ಮೂಲಕ, ಅಮೆರಿಕದ ವಾರ್ನರ್ ರೆಕಾರ್ಡ್ಸ್ ಜೊತೆಗೂಡಿ. ತಂಡದ ಕೆಲಸ ಹಳೆಯ ಸಂಸ್ಥೆಯೊಡನೆ, ಒಂಟಿ ಕೆಲಸ ಸ್ವಂತ ಸಂಸ್ಥೆಯಿಂದ ಎಂಬ ವ್ಯವಸ್ಥೆಯನ್ನು ಬ್ಲ್ಯಾಕ್‌ಪಿಂಕ್‌ನ ಜೆನ್ನಿ ಮತ್ತು ಲೀಸಾ ಕೂಡ ಮಾಡಿಕೊಂಡಿದ್ದಾರೆ. ಇದು ಹೊಸ ಕಾಲದ ಒಪ್ಪಂದ, ಹಾಗೂ ಒಂಟಿ ಕಲಾವಿದರಿಗೆ ಇದುವರೆಗೆ ದೊರೆತ ಅತ್ಯುತ್ತಮ ಒಪ್ಪಂದ. ಅದಕ್ಕೆ ಬೇಕಾದ ಬಂಡವಾಳ ಮಾತ್ರ ಒಂಟಿಯಾಗಿ ಗಳಿಸಿದ್ದಲ್ಲ, ತಂಡದಲ್ಲಿದ್ದು ಗಳಿಸಿದ್ದು. ಎರಡು ದಿನಗಳ ಅಂತರದಲ್ಲಿ ಬಂದ ಈ ಎರಡು ಆಲ್ಬಂಗಳನ್ನು ಅಂಗಡಿಯವನು ಅಕ್ಕಪಕ್ಕದಲ್ಲೇ ಜೋಡಿಸಿದ್ದಾನು. ಅವುಗಳ ಹಿಂದಿನ ಖಾತೆಪುಸ್ತಕಗಳ ನಡುವಿನ ದೂರ ಬಹಳ.

ಎಂ.ಎನ್.ಎಚ್. ಹೊರತಂದ ‘ಬೇರ್ ಆ್ಯಂಡ್ ರೇರ್’ನ ಮುಖಪುಟದ ಮೇಲೆ ‘ಭಾಗ 1’ ಎಂದು ಅಚ್ಚಾಗಿತ್ತು. ಆಕೆ ಆ ಸಂಸ್ಥೆಯಿಂದ ಹೊರನಡೆಯುವವರೆಗೂ ಅದರ ಎರಡನೆಯ ಭಾಗ ಬರಲಿಲ್ಲ.