ಮುನಿಸಿಕೊಂಡ ಎಂಜಿನ್ನು

ಯಂತ್ರಕ್ಕೆ ಮನಸ್ಸಿಲ್ಲವೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಹಳೆಯ ಕಾರನ್ನು ಸಾಕಿದ ಮನೆಯವರು ಇದನ್ನು ಅಷ್ಟು ಸುಲಭವಾಗಿ ಒಪ್ಪಲಾರರು. ಬೆಳಗಿನ ತಂಪಿನಲ್ಲಿ ಒಂದೇ ತಿರುವಿಗೆ ಎಚ್ಚರಗೊಂಡು, ಹತ್ತಾರು ಮೈಲಿ ಸುಖವಾಗಿ ಸಾಗಿ, ಬಿಸಿಲೇರಿದೊಡನೆ ನಡುದಾರಿಯಲ್ಲಿ ನಿಂತುಬಿಡುವ ಎಂಜಿನ್ನುಗಳುಂಟು. ಅರ್ಧ ಗಂಟೆ ಬೇವಿನ ಮರದ ನೆರಳಿನಲ್ಲಿ ವಿಶ್ರಮಿಸಿದ ಬಳಿಕ ಅವು ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಹೊರಡುತ್ತವೆ. ಇಂಥದನ್ನು ಹಟಮಾರಿ ಎನ್ನದೆ ಇನ್ನೇನೆಂದು ಕರೆಯಬೇಕು? ಆದರೆ ಹಟವೆಂದು ತೋರುವುದು ಬಹುಮಟ್ಟಿಗೆ ಎರಡು ಬೇರೆ ದೋಷಗಳು ಒಂದೇ ವೇಷ ತೊಟ್ಟು ಬಂದುದರ ಫಲ. ವೇಷ ಕಳಚುವ ಕ್ರಮವನ್ನು ಅರಿತವರು ಮನೆಯಂಗಳದಲ್ಲಿಯೇ ಈ ಮುನಿಸನ್ನು ತಿಳಿಯಾಗಿಸಬಲ್ಲರು.

ಬೆಳಗಾವಿ ಜಿಲ್ಲೆಯ ಕಾಗವಾಡದ ಸೀಮೆಗೆ ಎಂಜಿನ್ನು ಹೊಸದಲ್ಲ. ಕೃಷ್ಣೆಯ ನೀರನ್ನು ಕಬ್ಬಿನ ಹೊಲಗಳಿಗೆ ಎತ್ತಿದ ಡೀಸೆಲ್ ಪಂಪುಗಳ ಸದ್ದನ್ನು ಕೇಳಿಯೇ ಅಲ್ಲಿನ ಹಲವು ತಲೆಮಾರು ಬೆಳೆದಿದೆ. ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಂದ ಆರಂಭಿಸಿ, 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಹೆಸರು ಈ ಭಾಗದ ಮನೆಮನೆಗೂ ಪರಿಚಿತ. ಆದುದರಿಂದ ಪಾನಾ ಹಿಡಿಯಬಲ್ಲ ಕೈಗಳಿಗೆ ಇಲ್ಲಿ ಬರವಿಲ್ಲ. ಆದರೆ ಡೀಸೆಲ್ಲಿನಲ್ಲಿ ಪಳಗಿದ ಕೈ ಹಳೆಯ ಪೆಟ್ರೋಲು ಕಾರಿನ ಮುಂದೆ ಒಮ್ಮೊಮ್ಮೆ ತಡವರಿಸುವುದುಂಟು. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಅದುಮಿದ ಕಾವಿನಿಂದಲೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಅಲ್ಲಿ ಕಿಡಿಯ ಪ್ರಶ್ನೆಯೇ ಏಳದು. ಪೆಟ್ರೋಲಿನ ಎಂಜಿನ್ನಿಗಾದರೋ ಹದವಾದ ಇಂಧನ, ತಕ್ಕ ಒತ್ತಡ, ಸರಿಯಾದ ಗಳಿಗೆಯಲ್ಲಿ ಬಲವಾದ ಕಿಡಿ, ಈ ಮೂರೂ ಕೂಡಿಬರಬೇಕು.

ಇಂಥ ಹಳೆಯ ಕಾರುಗಳ ಪೈಕಿ ನಮ್ಮ ದೇಶದ ಮಧ್ಯಮ ವರ್ಗದ ಮನೆಗಳಲ್ಲಿ ಕ್ರೀಡಾಕಾರಿಗೆ ತೀರ ಹತ್ತಿರದ ಬಂಧುವೆಂದರೆ ಸ್ಟ್ಯಾಂಡರ್ಡ್ ಹೆರಾಲ್ಡ್. ಇಟಲಿಯ ಜೊವಾನಿ ಮಿಕೆಲೊಟ್ಟಿ ರೂಪಿಸಿದ ಈ ಕಾರು 1959ರಲ್ಲಿ ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಹೆಸರಿನಿಂದ ಹೊರಬಂದಿತು. 1961ರಿಂದ ಮದ್ರಾಸಿನ ಕಾರಖಾನೆಯಲ್ಲಿ 948 ಸಿ.ಸಿ. ಎಂಜಿನ್ನಿನೊಡನೆ ತಯಾರಾಗತೊಡಗಿತು. ಮೊದಲು ಎರಡು ಬಾಗಿಲಿನದಾಗಿದ್ದು, ಮುಂದೆ ನಾಲ್ಕು ಬಾಗಿಲಿನ ರೂಪವನ್ನೂ ತಾಳಿತು. 1962ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಎರಡು ಆಸನದ ಕ್ರೀಡಾಕಾರು ಇದರದೇ ವಂಶದ ಕುಡಿ. ಎಂಜಿನ್ನು ಒಂದೇ ಮನೆತನದ್ದು; ಇಡೀ ಮೂತಿಯೇ ಮುಂದಕ್ಕೆ ಬಾಗಿ ತೆರೆದುಕೊಳ್ಳುವ ಬಾನೆಟ್ಟೂ ಎರಡಕ್ಕೂ ಸಮಾನ. ಬಾನೆಟ್ಟು ತೆರೆದು ಮುಂದಿನ ಚಕ್ರದ ಮೇಲೆ ಕುಳಿತು ರಿಪೇರಿ ಮಾಡಬಹುದಾದ ಕಾರು ಮನೆಯಲ್ಲಿ ಕಲಿಯುವವನಿಗೆ ಇದಕ್ಕಿಂತ ಉತ್ತಮವಾದದ್ದು ಸಿಗುವುದು ಕಷ್ಟ.

ಇಂಥದೊಂದು ಕಾರು ತಂದೆಯಿಂದ ಮಗನಿಗೆ ಬಂದಿದೆಯೆಂದು ಭಾವಿಸಲಾಗಲಿ. ಬೇಸಗೆಯ ಒಂದು ಮಧ್ಯಾಹ್ನ ಕಾಗವಾಡದಿಂದ ಮೀರಜದ ಕಡೆಗೆ ಹೊರಟಾಗ ಅದು ನಿಂತುಬಿಡುತ್ತದೆ. ದಾರಿಹೋಕರಲ್ಲಿ ಹಿರಿಯರೊಬ್ಬರು ಪೆಟ್ರೋಲು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಲು ಹೇಳುತ್ತಾರೆ. ಹಾಕಿದ ಸ್ವಲ್ಪ ಹೊತ್ತಿಗೆ ಕಾರು ಹೊರಡುತ್ತದೆ. ‘ಪಂಪಿನದೇ ದೋಷ’ವೆಂದು ತೀರ್ಮಾನವಾಗುತ್ತದೆ. ಪಂಪು ಬದಲಾಗುತ್ತದೆ. ಮುಂದಿನ ವಾರ ಅದೇ ಬಿಸಿಲು, ಅದೇ ರಸ್ತೆ, ಅದೇ ಮುನಿಸು. ಬಳಿಕ ಕಾರ್ಬುರೇಟರು, ಅದರ ಬಳಿಕ ಪ್ಲಗ್ಗುಗಳು, ಆಮೇಲೆ ಬ್ಯಾಟರಿ. ಹೀಗೆ ಹಣದ ಚೀಲ ಬರಿದಾಗುತ್ತದೆಯೇ ಹೊರತು ದೋಷ ಅಲುಗುವುದಿಲ್ಲ. ಕೊನೆಗೆ ಮನೆಯವರೆಲ್ಲ ಸೇರಿ ಕಾರನ್ನು ಗುಜರಿಗೆ ಹಾಕುವ ಮಾತೆತ್ತುತ್ತಾರೆ.

ಇಲ್ಲಿ ತಪ್ಪಿದುದೆಲ್ಲಿ? ಒದ್ದೆ ಬಟ್ಟೆಯ ಸಲಹೆ ಸುಳ್ಳಲ್ಲ. ಕಾದ ಪಂಪಿನಲ್ಲಿಯೂ ಕೊಳವೆಯಲ್ಲಿಯೂ ಪೆಟ್ರೋಲು ಆವಿಯಾಗಿ ಗುಳ್ಳೆಗಟ್ಟಿದರೆ ಪಂಪು ಗಾಳಿಯನ್ನು ಅಗಿದಂತಾಗಿ ಇಂಧನ ಮೇಲೇರದು. ತಂಪು ತಗುಲಿದಾಗ ಗುಳ್ಳೆ ಕರಗಿ ದಾರಿ ತೆರೆಯುತ್ತದೆ. ಆದರೆ ಬಟ್ಟೆ ನೆನೆಸಿ ತರುವಷ್ಟರಲ್ಲಿ ಹದಿನೈದಿಪ್ಪತ್ತು ನಿಮಿಷ ಕಳೆದಿರುತ್ತದೆ. ಆ ಹೊತ್ತಿನಲ್ಲಿ ಪಂಪಿನೊಡನೆ ಕಾಯಿಲ್ಲೂ ಕಂಡೆನ್ಸರೂ ತಣ್ಣಗಾಗಿರುತ್ತವೆ. ಕಾದಾಗ ಕೈಕೊಡುವ ಕಾಯಿಲ್ಲು ಅಥವಾ ಕಂಡೆನ್ಸರು ತಣಿದೊಡನೆ ಸಾಧುವಾಗಿಬಿಡುವುದು ಎಲ್ಲ ಮಿಸ್ತ್ರಿಗಳೂ ಕಂಡ ಸಂಗತಿ. ಬಟ್ಟೆ ಗುಣಪಡಿಸಿತೋ, ಬರಿಯ ಕಾಲ ಗುಣಪಡಿಸಿತೋ ಎಂಬುದನ್ನು ಯಾರೂ ವಿಚಾರಿಸಲಿಲ್ಲ. ಜ್ವರ ಇಳಿದ ಮೇಲೆ ನಾಡಿ ಹಿಡಿದ ವೈದ್ಯನಿಗೆ ರೋಗ ತಿಳಿಯುವುದೆಂತು?

ಆದುದರಿಂದ ಹಟಮಾರಿ ದೋಷದ ಮೊದಲ ಸೂತ್ರವಿಷ್ಟೇ: ದೋಷ ಕಾಣಿಸಿಕೊಂಡ ಗಳಿಗೆಯಲ್ಲಿಯೇ ಅದನ್ನು ಪರೀಕ್ಷಿಸಬೇಕು. ಇದಕ್ಕೆ ಬೇಕಾದ ಸಾಮಗ್ರಿ ಅಲ್ಪ. ಒಂದು ಒಳ್ಳೆಯ ಹೆಚ್ಚುವರಿ ಪ್ಲಗ್ಗು, ರಬ್ಬರಿನ ಹಿಡಿಯುಳ್ಳ ಇಕ್ಕಳ, ಜತೆಗೊಬ್ಬ ಸಹಾಯಕ. ಕಾರು ನಿಂತ ಕೂಡಲೆ ಒಂದು ಪ್ಲಗ್ಗಿನ ವಯರನ್ನು ಬಿಡಿಸಿ ಹೆಚ್ಚುವರಿ ಪ್ಲಗ್ಗಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈಯನ್ನು ಎಂಜಿನ್ನಿನ ಕಬ್ಬಿಣಕ್ಕೆ ಒತ್ತಿ ಹಿಡಿದು, ಸಹಾಯಕನಿಂದ ಸ್ಟಾರ್ಟರು ತಿರುಗಿಸಬೇಕು. ನೀಲಿಯಾದ, ಚಟಚಟನೆ ಸಿಡಿಯುವ ಕಿಡಿ ಕಂಡರೆ ಕಿಡಿಯ ಕಡೆ ನಿರ್ದೋಷಿ. ಅನ್ವೇಷಣೆ ಇಂಧನದತ್ತ ತಿರುಗಬೇಕು. ಹಳದಿಯಾದ ಸೊರಗಿದ ಕಿಡಿ ಕಂಡರೆ ಅಥವಾ ಕಿಡಿಯೇ ಇಲ್ಲದಿದ್ದರೆ ಪಂಪನ್ನು ದೂರುವುದು ಅನ್ಯಾಯ. ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯುತ್ತಿರುವಾಗ, ಇಲ್ಲವೇ ಇಂಧನದ ಕೊಳವೆ ಬಿಚ್ಚಿರುವಾಗ ಈ ಪರೀಕ್ಷೆಯನ್ನು ಎಂದಿಗೂ ಮಾಡಕೂಡದು.

ಕಿಡಿಯ ಕಡೆ ದೋಷವಿದ್ದರೆ ಮೊದಲು ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಪಾಯಿಂಟುಗಳನ್ನು ನೋಡಬೇಕು. ಅವು ಸುಟ್ಟು ನೀಲಿಗಪ್ಪಾಗಿದ್ದರೆ ಕಂಡೆನ್ಸರಿನ ಮೇಲೆ ಸಂಶಯ ಸಲ್ಲುತ್ತದೆ. ಅರೆಕಾಗದದಿಂದ ಒರೆಸಿ ಸುಮ್ಮನಾಗುವುದು ಮೂರು ದಿನದ ಸಮಾಧಾನ ಮಾತ್ರ. ಹೆರಾಲ್ಡಿನ ಪಾಯಿಂಟುಗಳ ನಡುವಣ ಎಡೆ ಒಂದು ಅಂಗುಲದ ಸಾವಿರದಲ್ಲಿ 15 ಪಾಲು. ಪ್ಲಗ್ಗಿನ ಎಡೆ 25 ಪಾಲು. ಇವನ್ನು ಕಣ್ಣಳತೆಗೆ ಬಿಡದೆ ಫೀಲರ್ ಗೇಜಿನಿಂದಲೇ ಅಳೆಯಬೇಕು. ಮುಚ್ಚಳದೊಳಗೆ ಕೂದಲೆಳೆಯಂಥ ಕರಿಯ ಗೆರೆ ಕಂಡರೆ ಕಿಡಿ ಆ ದಾರಿಯಲ್ಲಿ ಸೋರಿಹೋಗುತ್ತಿದೆಯೆಂದು ತಿಳಿಯಬೇಕು. ತೆಗೆದ ವಯರುಗಳನ್ನು ಮರಳಿ ಸಿಕ್ಕಿಸುವಾಗ ಈ ಎಂಜಿನ್ನಿನ ಸರದಿ 1, 3, 4, 2 ಎಂಬುದನ್ನು ಮರೆತರೆ ಹೊಸ ದೋಷವೊಂದನ್ನು ಕೈಯಾರೆ ಸೃಷ್ಟಿಸಿದಂತೆ.

ಕಿಡಿ ಚೆನ್ನಾಗಿದ್ದರೆ ಇಂಧನದ ದಾರಿಯನ್ನು ಹಿಡಿಯಬೇಕು. ಪಂಪಿಗೆ ಗಾಜಿನ ಬಟ್ಟಲಿದ್ದರೆ ಅರ್ಧ ಉತ್ತರ ಅಲ್ಲಿಯೇ ಕಾಣುತ್ತದೆ. ಪಂಪಿನ ಕೈಸನ್ನೆಯನ್ನು ಒತ್ತಿದಾಗ ಬಟ್ಟಲಲ್ಲಿ ಗುಳ್ಳೆಗಳೇ ಕುದಿಯುತ್ತಿದ್ದರೆ ಆವಿಯ ತಡೆಯಿರಬಹುದು, ಇಲ್ಲವೇ ಟ್ಯಾಂಕಿನ ಕಡೆಯ ಕೊಳವೆ ಎಲ್ಲಿಯೋ ಗಾಳಿಯನ್ನು ಹೀರುತ್ತಿರಬಹುದು. ತಣ್ಣಗಿರುವಾಗಲೂ ಗುಳ್ಳೆ ಬಂದರೆ ಗಾಳಿಯೇ ಕಾರಣ. ಎಂಜಿನ್ ಎಣ್ಣೆಯ ಕಡ್ಡಿಯನ್ನು ಹೊರತೆಗೆದು ಮೂಸುವುದೂ ಅಗತ್ಯ. ಎಣ್ಣೆ ತೆಳುವಾಗಿ ಪೆಟ್ರೋಲಿನ ವಾಸನೆ ಬಂದರೆ ಪಂಪಿನೊಳಗಿನ ಡಯಾಫ್ರಾಮು ಹರಿದು ಪೆಟ್ರೋಲು ಕೆಳಗೆ ಸೋರುತ್ತಿರಬಹುದು. ಅಂಥ ಕಾರನ್ನು ಓಡಿಸಿದರೆ ಬೇರಿಂಗುಗಳಿಗೇ ಸಂಚಕಾರ.

ಈಗಿನ ಕಾಲದಲ್ಲಿ ಇಂಧನದ ದೋಷಕ್ಕೆ ಇನ್ನೊಂದು ಮೂಲವೂ ಸೇರಿದೆ. ಅದರ ಬೇರು ಕಾಗವಾಡದ ಹೊಲಗಳಲ್ಲಿಯೇ ಇದೆ. ಸಮೀಪದ ಉಗಾರದಲ್ಲಿ 1939ರಿಂದ ಇರುವಂಥ ಸಕ್ಕರೆ ಕಾರಖಾನೆಗಳು ಕಬ್ಬಿನಿಂದ ಸಕ್ಕರೆಯೊಡನೆ ಎಥೆನಾಲನ್ನೂ ತಯಾರಿಸುತ್ತವೆ. ನೂರಕ್ಕೆ ಇಪ್ಪತ್ತು ಪಾಲು ಎಥೆನಾಲು ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು; 2025ರ ಹೊತ್ತಿಗೆ ದೇಶದ ಸರಾಸರಿ ಬೆರಕೆಯೇ ಆ ಮಟ್ಟವನ್ನು ಮುಟ್ಟಿತು. ಕಬ್ಬು ಬೆಳೆಯುವ ರೈತನಿಗೆ ಇದು ಶುಭವಾರ್ತೆ. ಆದರೆ ಅದೇ ರೈತನ ಕೊಟ್ಟಿಗೆಯಲ್ಲಿರುವ ಹಳೆಯ ಕಾರಿಗೆ ಈ ಆಹಾರ ಹೊಸದು.

ಕಾರಣವನ್ನು ಸರಳವಾಗಿ ಹೇಳಬಹುದು. ಒಂದು ಕಿಲೋ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥೆನಾಲಿಗೆ ಸುಮಾರು 9 ಕಿಲೋ ಸಾಕು. ಹೊಸ ಕಾರು ಹೊಗೆಯನ್ನು ತಾನೇ ಅಳೆದು ಇಂಧನವನ್ನು ಹೆಚ್ಚುಕಡಮೆ ಮಾಡಿಕೊಳ್ಳುತ್ತದೆ. ಕಾರ್ಬುರೇಟರಿನ ಹಿತ್ತಾಳೆಯ ಜೆಟ್ಟಿಗೆ ಆ ಬುದ್ಧಿಯಿಲ್ಲ. ಅದರ ರಂಧ್ರ ಅಂದು ಕೊರೆದಷ್ಟೇ. ಹೀಗಾಗಿ ಗಾಳಿ ಹೆಚ್ಚಾಗಿ ಇಂಧನ ಕಡಮೆಯಾದ ಬಡಮಿಶ್ರಣ ಒಳಗೆ ಹೋಗುತ್ತದೆ. ಏರಿನಲ್ಲಿ ಎಂಜಿನ್ನು ಮುಗ್ಗರಿಸುತ್ತದೆ, ಹೆಚ್ಚು ಕಾಯುತ್ತದೆ. ಪ್ಲಗ್ಗಿನ ತುದಿ ಕಂದುಬಣ್ಣಕ್ಕೆ ಬದಲಾಗಿ ಸುಣ್ಣದಂತೆ ಬೆಳ್ಳಗಿರುವುದು ಇದರ ಗುರುತು. ಇದಲ್ಲದೆ ಎಥೆನಾಲು ಹಳೆಯ ಬಗೆಯ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಟ್ಯಾಂಕಿನಲ್ಲಿ ವರ್ಷಗಟ್ಟಲೆ ಕೂತ ಜಿಡ್ಡನ್ನು ಕರಗಿಸಿ ಜೆಟ್ಟಿನ ಬಾಯಿಗೆ ತಂದು ತುರುಕುತ್ತದೆ. ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಳೆಗಾಲವಿಡೀ ನಿಂತ ಕಾರಿನ ಟ್ಯಾಂಕಿನಲ್ಲಿ ನೀರು ಬೆರೆತ ಎಥೆನಾಲು ಬೇರ್ಪಟ್ಟು ತಳಕ್ಕಿಳಿಯುವುದೂ ಉಂಟು. ಹೊಸ ಪಂಪು ಹಾಕಿದ ಕೆಲವೇ ತಿಂಗಳಿಗೆ ಮತ್ತೆ ಕೆಟ್ಟಿತೆಂದು ಕೊರಗುವವರು ಅದರ ಡಯಾಫ್ರಾಮು ಯಾವ ಕಾಲದ ರಬ್ಬರಿನದೆಂದು ವಿಚಾರಿಸುವುದು ಮೇಲು.

ಪರಿಹಾರ ಕಠಿಣವಲ್ಲ. ಎಥೆನಾಲನ್ನು ತಾಳಬಲ್ಲ ಕೊಳವೆ ಮತ್ತು ಡಯಾಫ್ರಾಮನ್ನು ಹಾಕಿಸಬೇಕು. ಹೊಸ ಫಿಲ್ಟರೊಂದನ್ನು ಜೋಡಿಸಿ ಮೊದಲ ತಿಂಗಳುಗಳಲ್ಲಿ ಬೇಗಬೇಗನೆ ಬದಲಿಸಬೇಕು. ಪ್ಲಗ್ಗಿನ ಬಣ್ಣವನ್ನು ನೋಡುತ್ತ ಜೆಟ್ಟನ್ನು ಒಂದು ಅಳತೆ ದೊಡ್ಡದಾಗಿಸಬೇಕು. ಇಂಧನದ ಕೊಳವೆ ಹೊಗೆಯ ಮ್ಯಾನಿಫೋಲ್ಡಿಗೆ ತಾಗುವಂತಿದ್ದರೆ ದೂರ ಸರಿಸಬೇಕು. ಮೂರು ತಿಂಗಳು ಓಡಿಸದ ಕಾರಿನಲ್ಲಿ ಹಳೆಯ ಪೆಟ್ರೋಲನ್ನು ಉಳಿಸಕೂಡದು.

ಕಿಡಿಯೂ ಇಂಧನವೂ ನಿರ್ದೋಷಿಗಳೆಂದು ತೀರ್ಪಾದ ಮೇಲೆಯೇ ಒತ್ತಡದ ವಿಚಾರಣೆ. ನಾಲ್ಕು ಸಿಲಿಂಡರುಗಳ ಒತ್ತಡವನ್ನೂ ಗೇಜಿನಿಂದ ಅಳೆದು ಬರೆದುಕೊಳ್ಳಬೇಕು. ಒಂದು ಸಿಲಿಂಡರು ಸೊರಗಿದ್ದರೆ ಅದರೊಳಗೆ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆಯಬೇಕು. ಅಂಕಿ ಏರಿದರೆ ಪಿಸ್ಟನ್ನಿನ ರಿಂಗು ಸವೆದಿದೆ. ಏರದಿದ್ದರೆ ವಾಲ್ವು ಸರಿಯಾಗಿ ಮುಚ್ಚುತ್ತಿಲ್ಲ. ಪಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಸೊರಗಿದ್ದರೆ ನಡುವಣ ಹೆಡ್ ಗ್ಯಾಸ್ಕೆಟ್ಟು ಸುಟ್ಟಿರುವ ಸಂಭವ ಹೆಚ್ಚು. ಈ ಹಂತಕ್ಕೆ ಬಂದವರು ಬೆಳಗಾವಿಯ ಉದ್ಯಮಬಾಗಕ್ಕೋ ಕೊಲ್ಲಾಪುರದ ಉದ್ಯಮನಗರಕ್ಕೋ ಹೋಗಬೇಕಾದೀತು. ಆದರೆ ಕೈಯಲ್ಲಿ ನಾಲ್ಕು ಅಂಕಿಗಳಿರುವಾಗ ಹೋಗುವುದಕ್ಕೂ ‘ಏನೋ ಆಗಿದೆ, ನೋಡಿ’ ಎಂದು ಹೋಗುವುದಕ್ಕೂ ಅಂತರ ಬಹಳ. ಬಿಲ್ಲು ಕೈಗೆ ಬಂದಾಗ ಆ ಅಂತರ ಸ್ಪಷ್ಟವಾಗುತ್ತದೆ.

ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಉಪಯುಕ್ತವಾದ ಸಲಕರಣೆಯೆಂದರೆ ಒಂದು ನೋಟುಬುಕ್ಕು. ದಿನಾಂಕ, ಹೊತ್ತು, ಎಷ್ಟು ದೂರ ಓಡಿದ ಮೇಲೆ ನಿಂತಿತು, ಪೆಟ್ರೋಲು ಹಾಕಿಸಿದ್ದು ಎಂದು, ಏನು ಬದಲಿಸಲಾಯಿತು, ಇಷ್ಟನ್ನು ಬರೆದಿಡಬೇಕು. ಒಮ್ಮೆಗೆ ಒಂದನ್ನೇ ಬದಲಿಸಬೇಕು. ಒಂದೇ ಸಂಜೆ ಮೂರು ಭಾಗಗಳನ್ನು ಬದಲಿಸಿ ಕಾರು ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಸರಿಹೋಗದಿದ್ದರೆ ಹೊಸ ಭಾಗಗಳಲ್ಲಿಯೇ ಒಂದು ಕೆಟ್ಟದ್ದೇನೋ ಎಂಬ ಸಂಶಯ ಹೆಗಲೇರುತ್ತದೆ. ಬರೆಯುವ ಕೆಲಸವನ್ನು ಮನೆಯ ಮಕ್ಕಳಿಗೆ ವಹಿಸಬಹುದು. ಕೈಗೆ ಎಣ್ಣೆ ಮೆತ್ತಿಕೊಂಡವರಿಗೆ ಕಾಣದ ಸಂಬಂಧ ಪುಸ್ತಕ ಹಿಡಿದವರಿಗೆ ಹೊಳೆಯುವುದು ಅಪರೂಪವಲ್ಲ.

ಮನೆಯ ರಿಪೇರಿಗೆ ಕೆಲವು ಕಟ್ಟುನಿಟ್ಟುಗಳೂ ಉಂಟು. ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ನು ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ಸದ್ದಿಲ್ಲದೆ ಪ್ರಾಣ ಹೀರುತ್ತದೆ. ಜಾಕಿನ ಮೇಲಷ್ಟೇ ನಿಂತ ಕಾರಿನ ಅಡಿಗೆ ನುಸುಳಬಾರದು. ಇಟ್ಟಿಗೆಯ ರಾಶಿಯನ್ನು ನಂಬಬಾರದು. ಕಾದ ರೇಡಿಯೇಟರಿನ ಮುಚ್ಚಳ ತೆರೆಯಬಾರದು. ಪೆಟ್ರೋಲಿನ ಕೆಲಸ ನಡೆಯುವಲ್ಲಿ ಬೀಡಿ, ಸಿಗರೇಟು, ದೇವರ ದೀಪ, ಯಾವುದೂ ಹತ್ತಿರವಿರಬಾರದು.

ಇಷ್ಟೆಲ್ಲ ಶ್ರಮ ಒಂದು ಹಳೆಯ ಕಾರಿಗಾಗಿಯೇ ಎಂದು ಕೇಳುವವರಿರಬಹುದು. ಹೆರಾಲ್ಡನ್ನು ಕಟ್ಟಿದ ಮದ್ರಾಸಿನ ಕಾರಖಾನೆ ಕಾರು ಮಾಡುವುದನ್ನು ನಿಲ್ಲಿಸಿ ದಶಕಗಳು ಕಳೆದಿವೆ. ಗುಜರಿಗೆ ಹೋದ ಒಂದೊಂದು ಕಾರಿಗೂ ಬದಲಿಯಿಲ್ಲ. ಹಾಗೆ ಹೋದವುಗಳಲ್ಲಿ ಎಷ್ಟೋ ಸವೆದು ಹೋದವಲ್ಲ. ಸಣ್ಣದೊಂದು ಕಂಡೆನ್ಸರಿನ ತಪ್ಪಿಗೆ ಇಡೀ ಕಾರು ಶಿಕ್ಷೆ ಅನುಭವಿಸಿದಂಥವು. ಮುಂದಿನ ಬೇಸಗೆಯಲ್ಲಿ ಕಾರು ಮತ್ತೆ ದಾರಿಯಲ್ಲಿ ನಿಂತರೆ ಒದ್ದೆ ಬಟ್ಟೆಗಾಗಿ ನೀರು ಹುಡುಕುವ ಮೊದಲು ಡಿಕ್ಕಿಯಲ್ಲಿರುವ ಆ ಹೆಚ್ಚುವರಿ ಪ್ಲಗ್ಗನ್ನು ಕೈಗೆತ್ತಿಕೊಳ್ಳುವುದು ಜಾಣತನ.